ಸರಕಾರಿ ಮೀನುಗಳಿಗೆ ರೊಟ್ಟಿ ಹಾಕಿದ್ದರ ಖುಲಾಸೆ

ಇಂದ:
ಶಿವಗಂಗವ್ವ ಕೋಂ ಗುರುಲಿಂಗಪ್ಪ ಕಬ್ಬೂರ,
ವಯಸ್ಸು ಐವತ್ತರ ಆಚೆ ಈಚೆ, ಉದ್ಯೋಗ ಮನೆಗೆಲಸ ಮತ್ತು ಎರಡು ಎಮ್ಮೆ,
ಹೊಳೆಯ ಕಡೆಯ ಓಣಿ, ಗೋಕಾಕ.

ಗೆ:
ಮೆಹರಬಾನ ಅಧ್ಯಕ್ಷ ಸಾಹೇಬರು,
ಬಾವಿ ಸುಧಾರಣಾ ಕಮಿಟಿ,
ಮುಕ್ಕಾಮು ಗೋಕಾಕ.

ತಾರೀಖು: ಜುಲೈ ೧೯೩೮, ಹೊಳೆ ತುಂಬಿ ಬಂದ ಮರುದಿನ.

ವಿಷಯ: ಸರಕಾರಿ ಮೀನುಗಳಿಗೆ ರೊಟ್ಟಿ ತಿನ್ನಿಸಿ ಅವುಗಳ ಕರ್ತವ್ಯಕ್ಕೆ ಅಡ್ಡಿ ಮಾಡಿದ ಆರೋಪದ ಬಗ್ಗೆ, ಹಾಗೂ ಆ ಕಾರಣಕ್ಕಾಗಿ ಬಾವಿಗೆ ಮಣ್ಣು ಹಾಕಿ ಮುಚ್ಚಬೇಕೆಂಬ ಹುಕುಮು ರದ್ದು ಮಾಡುವ ಬಗ್ಗೆ.

ಉಲ್ಲೇಖ: (೧) ಹದಿನೈದು ದಿವಸದೊಳಗೆ ಬಾವಿ ಮುಚ್ಚಬೇಕೆಂಬ ತಮ್ಮ ಕಚೇರಿಯ ನೋಟೀಸು.
(೨) ತಮ್ಮ ಬಾವಿ ಇನ್‌ಸ್ಪೆಕ್ಟರ ಸಾಹೇಬರು ಅರ್ಜಿದಾರಳ ಹಿತ್ತಲಿನಲ್ಲಿ ನಿಂತು ಆಡಿದ ಮಾತು.
(೩) ಅದಕ್ಕೆ ಅರ್ಜಿದಾರಳು ಕೊಟ್ಟ ಉತ್ತರ. (ಎಲ್ಲವನ್ನೂ ಬರವಣಿಗೆಯಲ್ಲಿ ತರುವಂತಿಲ್ಲ.)

ಮಾನ್ಯರೇ,

ಮೇಲೆ ಕಾಣಿಸಿದ ಅರ್ಜಿದಾರಳು ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ, ಅವಳು ಮೀನುಗಳಿಗೆ ರೊಟ್ಟಿ ಹಾಕಿದ್ದು ಖರೆ. ಅದನ್ನು ಅಲ್ಲಗಳೆಯುವುದಕ್ಕೆ ಈ ಅರ್ಜಿಯಲ್ಲ. ಯಾಕೆ ಹಾಕಿದಳು, ಬಾವಿಯನ್ನು ಯಾಕೆ ಮುಚ್ಚಬಾರದು, ಮುಂದೇನು ಮಾಡಬಹುದು ಎಂಬುದಕ್ಕೆ ಈ ಅರ್ಜಿ. ಮಾತುಗಳನ್ನು ಆಡಿದವರ ಬಾಯಲ್ಲಿ ಬಂದಂತೆಯೇ ಕಾಣಿಸಿದೆ. ತಿದ್ದಿದರೆ ಸಾಕ್ಷಿ ಕೆಡುತ್ತದೆಂದು ಅರ್ಜಿ ಬರೆಯುವವನಿಗೆ ಅರ್ಜಿದಾರಳ ತಾಕೀತು ಇದೆ.

೧. ಸದರಿ ಬಾವಿಯು ಅರ್ಜಿದಾರಳ ಹಿತ್ತಲಿನಲ್ಲಿದ್ದು, ಅಡಿಗೆಮನೆಯ ಗೋಡೆಗೆ ಹತ್ತಿಕೊಂಡೇ ಇದೆ. ನೀರಿನವರೆಗೆ ಕಲ್ಲಿನ ಮೆಟ್ಟಿಲುಗಳಿವೆ. ಸುತ್ತ ಕಟ್ಟೆ ಇಲ್ಲ. ಅರ್ಜಿದಾರಳ ಮನೆಯವರಲ್ಲದೆ ಬಾಜೂ ಮನೆಯ ಬಣ್ಣಗಾರ ಗಫಾರ, ಅವನ ಹೆಂಡತಿ ರಶೀದಾಬಿ, ಮತ್ತು ಓಣಿಯಲ್ಲಿ ಯಾರ ಕೊಡ ಖಾಲಿ ಇದೆಯೋ ಅವರೆಲ್ಲ ಇದರ ನೀರನ್ನೇ ಒಯ್ಯುತ್ತಾರೆ. ಬೇಳೆ ಬೇಗ ಬೇಯುವ ನೀರು. ಬೇರೆ ಓಣಿಯ ಹೆಂಗಸರು ಬೇಳೆ ಬೇಯದ ದಿನ ಇಲ್ಲಿಗೇ ಬರುತ್ತಾರೆಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ.

೨. ಹೋದ ವರ್ಷ ಓಣಿಯಲ್ಲಿ ನಾರುಹುಣ್ಣು ಬಿದ್ದಿತು. ಸಾಹೇಬರಿಗೆ ಇದು ಆಗದಿರಲಿ ಎಂದು ಅರ್ಜಿದಾರಳ ಹಾರೈಕೆ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರೊಳಗಿಂದ ಬಿಳಿ ನೂಲಿನಂಥ ಹುಳ ತಲೆ ಹಾಕುತ್ತದೆ. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಬಾಯುತ್ತದೆ. ಆದ್ದರಿಂದ ಕಡ್ಡಿಗೆ ಸುತ್ತಿಕೊಂಡು ದಿನಕ್ಕೆ ಇಷ್ಟಿಷ್ಟು ತೆಗೆಯಬೇಕು. ಮೊದಲು ಬಂದದ್ದು ಅರ್ಜಿದಾರಳ ಮಗ ಪರಪ್ಪನಿಗೇ. ಅವನು ಗೋಕಾಕ ಫಾಲ್ಸಿನ ಹತ್ತಿಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದಾನೆ. ಅವನ ಹಿಂದೆಯೇ ಗಫಾರನಿಗೂ ಬಂತು. ಇಬ್ಬರೂ ಮನೆಯ ಮುಂದಿನ ಕಟ್ಟೆಯ ಮೇಲೆ ಎದುರುಬದುರು ಕಾಲು ಚಾಚಿ ಕುಳಿತು ಕಡ್ಡಿ ತಿರುವುತ್ತಿದ್ದರು.

“ಪರಪ್ಪಾ, ನಾನೂ ದಿನಾ ಗೇಣ ನೂಲ ತಗಿಯಾಕತ್ತೇನಿ. ನಿಮ್ಮ ಗಿರಣ್ಯಾಗ ಪಗಾರ ಕೊಡತಾರೇನ ಕೇಳಲಾ,” ಎಂದು ಗಫಾರ ಅಂದ.

“ನಿನ್ನ ನೂಲ ಭಾಳ ದಪ್ಪ ಆತೋ ಮಾಮಾ. ಗೋಣಿಚೀಲಕ್ಕ ಆಗತೈತಿ ಅಷ್ಟ,” ಎಂದು ಪರಪ್ಪ ಅಂದ.

ನಕ್ಕರು, ನಕ್ಕು ಅತ್ತರು. ಆ ಉರಿ ಅಂಥದು. ಉರಿ ತಾಳದಾದಾಗ ಇಬ್ಬರೂ ಬಾವಿಯ ಮೆಟ್ಟಿಲಿಳಿದು ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಕೂಡುತ್ತಿದ್ದರು. ಓಣಿಯಲ್ಲಿ ಉರಿಯುವ ಕಾಲು ಇದ್ದವರೆಲ್ಲ ಅದನ್ನೇ ಮಾಡಿದರು. ಹುಳವು ತನ್ನ ಸಂತಾನವನ್ನು ನೀರಿಗೆ ಬಿಡುವುದು ಆ ಹೊತ್ತಿನಲ್ಲಿಯೇ ಎಂಬುದು ಅವರಿಗಾಗಲಿ, ಮಗನ ಕಾಲಿಗೆ ತಣ್ಣಗಾಗಲೆಂದು ಕೈಹಿಡಿದು ಇಳಿಸಿದ ಅರ್ಜಿದಾರಳಿಗಾಗಲಿ ಗೊತ್ತಿರಲಿಲ್ಲ.

೩. ಕಾರಣ, ಈ ವರ್ಷ ಯುಗಾದಿಯ ಮುಂದೆ ತಮ್ಮ ಇನ್‌ಸ್ಪೆಕ್ಟರ ಸಾಹೇಬರು ಬಂದರು. ಹಿಂದೆ ಸಿಪಾಯಿ ಬೀರಸಿದ್ದಪ್ಪ ತಲೆಯ ಮೇಲೆ ತಗಡಿನ ಡಬ್ಬಿ ಹೊತ್ತುಕೊಂಡು ಬಂದ. ಡಬ್ಬಿಯಲ್ಲಿ ಹುಕ್ಕೇರಿ ಕಡೆಯ ಕೆರೆಯಲ್ಲಿ ಹಿಡಿದ ಬೆರಳುದ್ದದ ಮೀನುಗಳಿದ್ದವು. ಚಕ್ಕಡಿಯ ಕುಲುಕಾಟಕ್ಕೆ ಅರ್ಧ ನೀರು ಬೀರಸಿದ್ದಪ್ಪನ ಕೊರಳೊಳಗೇ ಇಳಿದಿತ್ತು.

ಸಾಹೇಬರು ಒಳ್ಳೆಯವರು, ಹರೆಯದವರು, ಧಾರವಾಡದ ಕಡೆಯ ಮಾತು. ನಾರಿನ ಬೀಜವು ನೀರೊಳಗಿನ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳದ ಹೊಟ್ಟೆಯಲ್ಲಿರುತ್ತದೆಂದೂ, ಆ ಹುಳವನ್ನು ಕುಡಿದವರಿಗೆ ವರ್ಷದ ಮೇಲೆ ನಾರು ಬರುತ್ತದೆಂದೂ, ಮೀನುಗಳು ಆ ಹುಳವನ್ನು ತಿಂದು ನೀರನ್ನು ಚೊಕ್ಕ ಮಾಡುತ್ತವೆಂದೂ ಸಮಾಧಾನದಿಂದ ತಿಳಿಸಿ ಹೇಳಿದರು. ಆಮೇಲೆ ನಡೆದ ಮಾತು ಹೀಗಿದೆ.

“ಇವು ಸರಕಾರಿ ಮೀನ ಅದಾವ. ಯಾರೂ ಹಿಡೀಬಾರದು.”

“ನಮ್ಮ ಮನ್ಯಾಗ ಯಾರ ಹಿಡಿತಾರ್ರಿ? ನಾವು ಲಿಂಗವಂತರು,” ಎಂದು ಅರ್ಜಿದಾರಳು ಅಂದಳು. “ಹುಳಾ ತಿಂತಾವ ಅಂದ್ರಿ. ಜೀವಂತ ಹುಳಾನ?”

“ಜೀವಂತನ ಮತ್ತ. ಅದ ಅವುಗಳ ಕೆಲಸ.”

“ನನ್ನ ಹಿತ್ತಲದಾಗ?”

“ಎಲ್ಲಿ ನೀರೈತೋ ಅಲ್ಲೇ ತಿನ್ನಬೇಕಲ್ಲವಾ.”

ಅಷ್ಟರಲ್ಲಿ ಬೀರಸಿದ್ದಪ್ಪ ಡಬ್ಬಿಯನ್ನು ಬೋರಲು ಹಾಕಿಬಿಟ್ಟಿದ್ದ.

೪. ಇಲ್ಲಿಂದ ಮುಂದಿನ ತಪ್ಪು ಅರ್ಜಿದಾರಳದು. ಆದರೆ ಅದು ಹೇಗಾಯಿತೆಂಬುದನ್ನು ಕೇಳಬೇಕು. ಅರ್ಜಿದಾರಳು ಲಿಂಗಪೂಜೆಗೆ ಈ ಬಾವಿಯ ನೀರನ್ನೇ ತರುವವಳು. ಎರಡು ಪದರಿನ ಬಟ್ಟೆಯಲ್ಲಿ ಸೋಸಿ ತರುತ್ತಾಳೆ. ಸೋಸಿದ ಮೇಲೆ ಬಟ್ಟೆಯನ್ನು ಬೋರಲು ಮಾಡಿ, ಅದರಲ್ಲಿ ಸಿಕ್ಕಿಕೊಂಡ ಜೀವಗಳು ತಮ್ಮ ಮನೆಗೆ ಹೋಗಲೆಂದು ಬಾವಿಯ ನೀರಿನಲ್ಲಿಯೇ ಜಾಲಾಡಿಸುತ್ತಾಳೆ. ಅವಳ ಅತ್ತೆ ಕಲಿಸಿದ್ದು ಹಾಗೆ, ಅತ್ತೆಗೆ ಅವರ ಅತ್ತೆ ಕಲಿಸಿದ್ದೂ ಹಾಗೆ. ಇತ್ತ ಬಟ್ಟೆಯಲ್ಲಿ ಜೀವ ಉಳಿಸುವುದು, ಅತ್ತ ಅದೇ ನೀರಿನಲ್ಲಿ ಮೀನು ಕಾವಲಿಗಿಟ್ಟು ಅದೇ ಜೀವ ತಿನ್ನಿಸುವುದು, ಇದು ಯಾವ ನ್ಯಾಯ ಎಂದು ಅವಳಿಗೆ ಹತ್ತು ಸಲ ಅನ್ನಿಸಿತು.

ಸೋಮವಾರ ಮಠದ ಗುರುಪಾದಯ್ಯಗಳು ಭಿಕ್ಷೆಗೆ ಬಂದರು. ಅವರಿಗೆ ಕೈಕಾಲಿಗೆ ನೀರು ಕೊಟ್ಟು, ಕುಡಿಯಲು ಚರಗಿ ತುಂಬಿಕೊಟ್ಟಾಗ ಅವರು ಚರಗಿಯನ್ನು ಕೆಳಗಿಟ್ಟರು.

“ಶಿವಗಂಗವ್ವಾ, ನಿಮ್ಮ ಬಾವ್ಯಾಗ ಮೀನ ಬಂದಾವಂತ, ಹೌದಾ?”

“ಸರಕಾರ ಬಿಟ್ಟೈತ್ರಿ ಅಯ್ಯಾರ.”

“ಸರಕಾರ ಬಿಟ್ರೇನು, ಸ್ವರ್ಗದಿಂದ ಬಿದ್ರೇನು. ದಿನಾ ಜೀವಹಿಂಸೆ ನಡಿಯೂ ಬಾವಿ. ಆ ನೀರ ನಾ ಹೆಂಗ ಕುಡೀಲಿ?”

“ಅವು ಹುಳಾ ತಿನ್ನೂದ ಬಿಟ್ರ ಕುಡೀತೀರೇನ್ರಿ?”

ಅಯ್ಯಗಳು ನಕ್ಕರು. ಮೀನು ಹುಳ ಬಿಡುವುದು ಆಗುವ ಮಾತೇ ಎಂದು, “ಬಿಟ್ರ ಎರಡ ಚರಗಿ ಕುಡಿತೇನಿ,” ಅಂದುಬಿಟ್ಟರು. ಆ ಮಾತು ಆಡಬಾರದಿತ್ತೆಂದು ಅವರು ಈಗ ಒಪ್ಪುತ್ತಾರೆ.

೫. ಆದಕಾರಣ ಮರುದಿನದಿಂದ ಅರ್ಜಿದಾರಳು ಮೀನುಗಳಿಗೆ ಜೋಳದ ರೊಟ್ಟಿ ಹಾಕತೊಡಗಿದಳು. ಹಸಿವೆ ಇಲ್ಲದವರು ಪಾಪ ಮಾಡುವುದಿಲ್ಲವೆಂಬುದು ಅವಳ ತಿಳಿವಳಿಕೆ. ಮೊದಮೊದಲು ಮೀನುಗಳು ಮೂಸಿನೋಡಿ ಹೋದವು. ಹಾಲಿನಲ್ಲಿ ನೆನೆಸಿ ಹಾಕಿದಳು, ತಿಂದವು. ಆಮೇಲೆ ಹಾಲು ಬೇಕಾಗಲಿಲ್ಲ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಗೋಡೆಯೊಳಗಿಂದ ಬಾವಿಗೆ ಕೇಳಿಸುತ್ತದೆ. ಟಪ್ ಟಪ್ ಎಂದು ಶುರುವಾದ ಕೂಡಲೆ ಮೀನುಗಳೆಲ್ಲ ಮೇಲೆದ್ದು, ಮೆಟ್ಟಿಲ ಹತ್ತಿರ ಸಾಲುಹಿಡಿದು, ಬಾಯಿ ತೆರೆದು ನಿಲ್ಲುತ್ತಿದ್ದವು. ಸೊಸೆ ಕಾಶೆವ್ವನಿಗೆ ಇದು ದೊಡ್ಡ ಮೋಜು. ಮುದಲಗಿಯ ಹುಡುಗಿ, ಹೋದ ವರ್ಷ ಮನೆ ತುಂಬಿದವಳು. “ಅತ್ತೀ, ನಿಮ್ಮ ಮಗಾ ಊಟಕ್ಕ ಮೂರ ಸಲಾ ಕರದ್ರೂ ಬರೂದಿಲ್ಲ, ಇವು ನೋಡ್ರಿ,” ಎಂದು ನಗುತ್ತಿದ್ದಳು.

ಅಯ್ಯಗಳು ಬಂದರು. ಮೆಟ್ಟಿಲ ಮೇಲೆ ಕುಳಿತು ತಾವೇ ರೊಟ್ಟಿ ಹಾಕಿ ನೋಡಿದರು. ಒಂದು ಸೊಳ್ಳೆಮರಿ ಬಳುಕುತ್ತ ಮೀನಿನ ಮೂಗಿನ ಮುಂದೆಯೇ ಹಾಯ್ದುಹೋಯಿತು. ಮೀನು ಅದರ ಕಡೆ ತಿರುಗಿಯೂ ನೋಡದೆ ರೊಟ್ಟಿಯ ಚೂರಿಗೆ ಬಾಯಿ ಹಾಕಿತು.

“ಶಿವಾ ಶಿವಾ!” ಎಂದರು ಅಯ್ಯಗಳು.

“ಹಂಗಾರ ಅವಕ್ಕ ಲಿಂಗಾ ಕಟ್ಟಿಬಿಡ್ರಿ ಅಯ್ಯಾರ,” ಎಂದು ಪರಪ್ಪ ಅಂದ.

“ಕಟ್ಟತಿದ್ದೆ. ಕೊಳ್ಳ ಎಲ್ಲೈತಿ ತೋರಸು,” ಎಂದು ಹೇಳಿ, ಕೊಟ್ಟ ಮಾತಿನಂತೆ ಎರಡು ಚರಗಿ ನೀರು ಕುಡಿದು ಹೋದರು. ಸೋಸಿದ ನೀರು. ಆದ್ದರಿಂದ ಅಯ್ಯಗಳ ಕಾಲಿನ ಬಗ್ಗೆ ಕಮಿಟಿಯು ಚಿಂತೆ ಮಾಡಬೇಕಾಗಿಲ್ಲ.

೬. ಕಾರಹುಣ್ಣಿಮೆ ಮುಗಿದ ವಾರ ಇನ್‌ಸ್ಪೆಕ್ಟರ ಸಾಹೇಬರು ತಪಾಸಣೆಗೆ ಬಂದರು. ಗಾಜಿನ ಬಟ್ಟಲಲ್ಲಿ ನೀರು ತೆಗೆದು, ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಮೀನುಗಳನ್ನು ನೋಡಿದರು. ಆಮೇಲೆ ಟೋಪಿ ತೆಗೆದರು.

“ಏನವಾ ಇವು? ಬದನೀಕಾಯಿ ಆಗ್ಯಾವಲ್ಲ! ನೀರಾಗ ಹುಳದ ಸಂತಿ ನೆರದೈತಿ. ಏನ ಹಾಕ್ತಿ ಇವಕ್ಕ?”

“ರೊಟ್ಟಿ ಹಾಕತೇನ್ರಿ.”

“ಯಾಕ?”

“ಹಸದಿದ್ದೂರಿ, ಪಾಪ.”

“ಅಯ್ಯ, ಹಸೀಲಂತನ ಬಿಟ್ಟಿದ್ವಿ ನಾವು!”

ಅಷ್ಟರಲ್ಲಿ ಕಾಶೆವ್ವ ಪೂಜೆಯ ನೀರು ಸೋಸಿ, ಬಟ್ಟೆಯನ್ನು ಬಾವಿಯಲ್ಲಿ ಜಾಲಾಡಿಸಿದ್ದು ಸಾಹೇಬರ ಕಣ್ಣಿಗೆ ಬಿತ್ತು.

“ಸೋಸಿದ್ದನ್ನ ತಿರುಗಿ ಬಾವ್ಯಾಗ?”

“ಮತ್ತೆಲ್ಲಿ ಹೋಗಬೇಕ್ರಿ ಅವು?” ಎಂದು ಕಾಶೆವ್ವ ಕೇಳಿದಳು.

ಸಾಹೇಬರು ಬೀರಸಿದ್ದಪ್ಪನ ಕಡೆ ನೋಡಿದರು. ಅವನು ಮೀನಿಗೆ ರೊಟ್ಟಿ ಹಾಕುತ್ತಿದ್ದ. ಆಗ ಸಾಹೇಬರಿಗೆ ಸಿಟ್ಟು ಬಂತು. ಸರಕಾರಿ ಕೆಲಸಕ್ಕೆ ಅಡ್ಡಿ, ಬಾವಿಗೆ ಮೆಟ್ಟಿಲಿದೆ, ಕಟ್ಟೆ ಇಲ್ಲ, ಮನೆಯಲ್ಲಿ ಕೂಸು ಬರುವುದಿದೆ, ನಾಳೆ ಅದು ಅಂಬೆಗಾಲಿಟ್ಟು ಬಂದು ಬಿದ್ದರೆ ಯಾರು ಜವಾಬು ಎಂದು ಒಂದೇ ಉಸಿರಿನಲ್ಲಿ ಹೇಳಿ, ಉಲ್ಲೇಖ ಒಂದರ ನೋಟೀಸನ್ನು ಕಳಿಸಿಕೊಟ್ಟರು. ಬಾವಿ ಮುಚ್ಚಿದ ಮೇಲೆ ಹೊಳೆಯಿಂದ ನೀರು ತರಬೇಕೆಂದು ಅದರಲ್ಲಿದೆ.

೭. ಸಾಹೇಬರೇ, ಇದೊಂದು ಕಲಮನ್ನು ನಿಂತು ಓದಬೇಕು.

ಈ ಬಾವಿ ಮೊದಲಿನಿಂದ ಇದ್ದದ್ದಲ್ಲ. ಪರಪ್ಪ ಹುಟ್ಟುವುದಕ್ಕಿಂತ ಮುಂಚೆ ಅರ್ಜಿದಾರಳೂ ಹೊಳೆಗೇ ಹೋಗುತ್ತಿದ್ದಳು. ಒಂದು ಮಳೆಗಾಲ ಅವಳಿಗೆ ಏಳು ತಿಂಗಳು ತುಂಬಿತ್ತು. ಹೊಳೆ ಕೆಂಪಗಾಗಿ ಬಂದಿತ್ತು, ದಂಡೆಯ ಕಲ್ಲಿನ ಮೇಲೆ ಪಾಚಿ, ತಲೆಯ ಮೇಲೊಂದು ಕೊಡ, ಟೊಂಕದ ಮೇಲೊಂದು ಕೊಡ. ಕೊಡ ಎರಡೂ ಸಿಕ್ಕವು, ನೆಗ್ಗಿರಲೂ ಇಲ್ಲ. ಆ ಕೂಸಿಗೆ ಹೆಸರಿಡುವ ಕಾರ್ಯ ಆಗಿರಲಿಲ್ಲವಾದ್ದರಿಂದ ಅದರ ಹೆಸರನ್ನು ಈ ಅರ್ಜಿಯಲ್ಲಿ ಕಾಣಿಸಲು ಬಂದಿಲ್ಲ.

ಗುರುಲಿಂಗಪ್ಪನವರು ಮಾತು ಕಡಿಮೆಯ ಮನುಷ್ಯ. ಅರ್ಜಿದಾರಳು ಹಾಸಿಗೆಯಲ್ಲಿದ್ದಾಗ ಹಿತ್ತಲಿನಿಂದ ಗುದ್ದಲಿಯ ಸಪ್ಪಳ ಕೇಳಿಸಿತು. ಹೊಲದ ಕೆಲಸ ಮುಗಿಸಿ ಬಂದು ತೋಡುತ್ತಿದ್ದರು. ಗಫಾರನ ಅಪ್ಪ ಗೋಡೆ ಹಾರಿ ಬಂದು ಬುಟ್ಟಿ ಹಿಡಿದ. ಕಲ್ಲು ಹತ್ತಿತು, ಒಡೆದರು. ನೀರು ಬಿದ್ದ ದಿನ ಗುರುಲಿಂಗಪ್ಪನವರು ಮೈತುಂಬ ರಾಡಿ ಮಾಡಿಕೊಂಡು ಮೇಲೆ ಬಂದು, “ಇನ್ನ ಹೊಳಿಗಿ ಹೋಗಬ್ಯಾಡ,” ಅಂದರು. ಲಿಂಗೈಕ್ಯರಾಗುವವರೆಗೆ ಅವರು ಹೆಂಡತಿಗೆ ಕೊಟ್ಟ ಹುಕುಮು ಇದೊಂದೇ. ಅದು ಇನ್ನೂ ಜಾರಿಯಲ್ಲಿದೆಯೆಂದು ಅರ್ಜಿದಾರಳು ತಿಳಿದಿದ್ದಾಳೆ.

ಈಗ ಕಾಶೆವ್ವನಿಗೆ ಆರನೆಯ ತಿಂಗಳು. ಕುಬುಸದ ಕಾರ್ಯ ಮಾಡಿ ಮುದಲಗಿಗೆ ತವರಿಗೆ ಕಳಿಸುವುದು ಇನ್ನೂ ಇದೆ. ಹೊಳೆ ನಿನ್ನೆ ದಂಡೆ ಮುಟ್ಟಿದೆ. ನೋಟೀಸು ಬಂದಂದಿನಿಂದ ಅವಳು, “ಅತ್ತೀ, ನೀವ್ಯಾಕ ಚಿಂತಿ ಮಾಡತೀರಿ? ನಾ ಹೊಳಿಯಿಂದ ತರತೇನಿ, ನನಗೇನ ಆಗಂಗಿಲ್ಲ,” ಅನ್ನುತ್ತಿದ್ದಾಳೆ. ಹುಡುಗಿ ಗಟ್ಟಿ ಇದ್ದಾಳೆ. ಅರ್ಜಿದಾರಳೂ ಆಗ ಗಟ್ಟಿಯೇ ಇದ್ದಳು.

೮. ಆದ್ದರಿಂದ ಬಾವಿ ಉಳಿಯಬೇಕು. ಬಾವಿ ಉಳಿಯಬೇಕಾದರೆ ನೀರು ಚೊಕ್ಕ ಆಗಬೇಕು. ನೀರು ಚೊಕ್ಕ ಆಗಬೇಕಾದರೆ ಮೀನು ಹುಳ ತಿನ್ನಬೇಕು. ಮೀನು ಹುಳ ತಿನ್ನಬೇಕಾದರೆ ರೊಟ್ಟಿ ನಿಲ್ಲಬೇಕು. ಇಲ್ಲಿಯವರೆಗೆ ಅರ್ಜಿದಾರಳು ಒಪ್ಪಿದ್ದಾಳೆ. ತೊಡಕು ಇರುವುದು ಪಾಪದಲ್ಲಿ. ಈ ಬಗ್ಗೆ ಹಿತ್ತಲಿನಲ್ಲಿಯೇ ಒಂದು ಸಭೆ ಆಗಿ, ಬಾಜೂ ಮನೆಯ ರಶೀದಾಬಿ ಸೂಚನೆ ಮಾಡಿದ್ದು ಏನೆಂದರೆ:

“ಅಕ್ಕಾ, ಮೀನಾ ಯಾರದು?”

“ಸರಕಾರದ್ದು.”

“ಕೆಲಸಾ ಹಚ್ಚಿದವರ್ಯಾರು?”

“ಸರಕಾರ.”

“ಮತ್ತ ಪಾಪಾ ಯಾರಿಗಿ ಹತ್ತಬೇಕು? ನನ್ನ ಗಂಡ ಮಂದಿ ಸೀರಿಗಿ ಬಣ್ಣಾ ಹಾಕತಾನ. ಬಣ್ಣಾ ಛಲೋ ಕಾಣಸಲಿಲ್ಲ ಅಂದ್ರ ಸೀರಿ ಉಟ್ಟಾಕಿನ ಬೈತಾರೇನು?”

ಅಯ್ಯಗಳು ಗಡ್ಡ ನೀವಿಕೊಂಡು ವಿಚಾರ ಮಾಡಿದರು. “ಮಾತಿನ್ಯಾಗ ಜೀವ ಐತಿ. ಹುಳದ ಪಾಪ ನಂದು ಅಂತ ಸರಕಾರ ಛಾಪಾ ಒತ್ತಿ ಬರದಕೊಟ್ರ, ನನ್ನ ತಕರಾರ ಇಲ್ಲ. ಶಿವಗಂಗವ್ವನ ಮನಿ ನೀರು ಕುಡಿತೇನಿ,” ಅಂದರು.

“ಸರಕಾರಕ್ಕ ಪಾಪದ ವಜ್ಜಿ ಆಗೂದಿಲ್ಲೇನ್ರಿ?” ಎಂದು ಗಫಾರ ಕೇಳಿದ.

“ಅದಕ್ಕ ರೂಢಿ ಐತಿ ತಗೋ,” ಎಂದರು ಅಯ್ಯಗಳು. ಈ ಕೊನೆಯ ಮಾತನ್ನು ಅರ್ಜಿಯಿಂದ ತೆಗೆಯಲು ಅವರು ಆಮೇಲೆ ಹೇಳಿಕಳಿಸಿದ್ದಾರೆ; ಮಸಿ ಒಣಗಿದ್ದರಿಂದ ಬಿಟ್ಟಿದೆ.

೯. ಕಾರಣ ಅರ್ಜಿದಾರಳ ಬೇಡಿಕೆಗಳು ಹೀಗಿವೆ.

(ಅ) ಬಾವಿ ಮುಚ್ಚುವ ಹುಕುಮನ್ನು ರದ್ದು ಮಾಡಬೇಕು. ಸುತ್ತ ಎದೆಮಟ್ಟದ ಕಟ್ಟೆಯನ್ನು ಪರಪ್ಪ ಮತ್ತು ಗಫಾರ ತಮ್ಮ ಕೈಯಿಂದ ಕಟ್ಟುತ್ತಾರೆ. ಮೆಟ್ಟಿಲಿನ ಬಾಯಿಗೆ ಕಲ್ಲು ಹಾಕಿ, ಗಡಗಡೆ ಕೂರಿಸಿ, ಹಗ್ಗದಿಂದಲೇ ನೀರು ಸೇದುತ್ತಾರೆ. ಉರಿಯುವ ಕಾಲಿನವರಿಗೆ ಬೇರೆ ಬೋಗುಣಿಯಲ್ಲಿ ನೀರು ಕೊಡುತ್ತಾರೆ. ಓಣಿಯವರೆಲ್ಲ ಸೋಸಿಯೇ ಕುಡಿಯುವಂತೆ ರಶೀದಾಬಿ ನೋಡಿಕೊಳ್ಳುತ್ತಾಳೆ. ಅವಳ ಬಾಯಿ ಓಣಿಗೆ ಗೊತ್ತಿದೆ.

(ಆ) ಸೋಸಿದ ಬಟ್ಟೆಯನ್ನು ಇನ್ನು ಬಾವಿಯಲ್ಲಿ ಜಾಲಾಡಿಸದೆ ಬಿಸಿಲಿಗೆ ಹಾಕಲಾಗುವುದು. ಇದನ್ನು ಒಪ್ಪಿಕೊಳ್ಳುವುದಕ್ಕೆ ಅರ್ಜಿದಾರಳಿಗೆ ಎರಡು ದಿವಸ ಊಟ ಸೇರಲಿಲ್ಲವೆಂಬುದನ್ನು ಗಮನಕ್ಕೆ ತೆಗೆದುಕೊಳ್ಳಬೇಕು.

(ಇ) ಸರಕಾರಿ ಮೀನುಗಳು ಕರ್ತವ್ಯದ ಮೇಲೆ ಇರುವಾಗ ತಿಂದ ಹುಳಗಳ ಪಾಪವು ಸರಕಾರದ್ದು ಎಂದು ಛಾಪಾ ಒತ್ತಿ ಬರೆದುಕೊಡಬೇಕು. ಅಂಥ ಪಾಪವನ್ನು ಹಿಡಿಯುವುದಕ್ಕೆ ಕಮಿಟಿಯ ಬಜೆಟ್ಟಿನಲ್ಲಿ ಬಾಬತ್ತು ಇಲ್ಲದಿದ್ದರೆ ಅರ್ಜಿದಾರಳ ಹೆಸರಿಗೇ ಹಿಡಿಯಬೇಕು. ಅಯ್ಯಗಳು ಅವಳ ಮನೆಯಲ್ಲಿ ನೀರು ಕುಡಿಯದಿದ್ದರೆ ಕುಡಿಯದೆ ಹೋಗಲಿ. ಆದರೆ ಕಾಶೆವ್ವ ಹೊಳೆಗೆ ಹೋಗಬಾರದು.

ಬಾವಿ ಇರುವತನಕ ತಮ್ಮ ವಿಶ್ವಾಸಿ,

ಶಿವಗಂಗವ್ವ ಕೋಂ ಗುರುಲಿಂಗಪ್ಪ ಕಬ್ಬೂರ ಇವಳ ಎಡಗೈ ಹೆಬ್ಬೆರಳಿನ ಗುರುತು (ಹಿಟ್ಟು ಹತ್ತಿದೆ).

ಜೊತೆಗೆ ಲಗತ್ತಿಸಿದ್ದು:
(೧) ಬಾವಿಯ ನೀರು, ಒಂದು ಶೀಸೆ. ಸೋಸದ್ದು, ಸಾಹೇಬರು ಕುಡಿಯಬಾರದು.
(೨) ಗಫಾರನ ಕಾಲಿನ ನಾರು, ಕಡ್ಡಿಗೆ ಸುತ್ತಿದ್ದು, ಕಡ್ಡಿಪೆಟ್ಟಿಗೆಯಲ್ಲಿದೆ. ಊಟದ ಮುಂದೆ ತೆರೆಯಬಾರದು.
(೩) ಅಯ್ಯಗಳ ಒಪ್ಪಿಗೆ. ಬಾಯಿಮಾತಿನದು, ಆದ್ದರಿಂದ ಲಗತ್ತಿಸಲು ಬಂದಿಲ್ಲ.

ತಾಜಾ ಕಲಂ: ಅರ್ಜಿ ಮುಗಿದ ಮೇಲೆ ಕೂಡಿಸಿದ್ದು. ಇವತ್ತು ಬೆಳಿಗ್ಗೆ ಅರ್ಜಿದಾರಳು ಎಂದಿನಂತೆ ರೊಟ್ಟಿ ಬಡಿದಳು. ಮನೆಯವರು ಉಣ್ಣಬೇಕಾದ್ದರಿಂದ ಬಡಿಯದೆ ಇರುವಂತಿಲ್ಲ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ನಿಂತವು. ಅವಳು ಹಾಕಲಿಲ್ಲ. ಒಲೆಯ ಮುಂದಿನಿಂದ ಏಳಲೂ ಇಲ್ಲ. ಬಹಳ ಹೊತ್ತಾದ ಮೇಲೆ ಹಿತ್ತಲಿನಿಂದ ಕಾಶೆವ್ವ, “ಅತ್ತೀ, ಒಂದು ಮೀನ ಹೊಳ್ಳಿತ್ರಿ... ಒಂದ ಹುಳಾ ತಿಂತು,” ಎಂದು ಕೂಗಿದಳು. ಅರ್ಜಿದಾರಳು, “ಆತು, ನೀ ಒಳಗ ಬಾ, ಅಲ್ಲಿ ಜಾರತೈತಿ,” ಅಂದಳು. ಹೀಗಾಗಿ ಪಾಪವು ಇವತ್ತಿನಿಂದಲೇ ಚಾಲೂ ಆಗಿದೆ. ತಮ್ಮ ಛಾಪಾ ಬರುವತನಕ ಅದನ್ನು ಯಾರ ಹೆಸರಿಗೆ ಹಿಡಿಯಬೇಕೆಂಬುದನ್ನು ಮರುಟಪಾಲಿಗೆ ತಿಳಿಸಬೇಕೆಂದು ವಿನಂತಿ.